ಫೋನು ಹೇಳಿದ್ದು 18 ಡಿಗ್ರಿ, ವಿಮಾನ ಏರಿದ್ದು 8 ಡಿಗ್ರಿ: ಉಳಿದ ಹತ್ತು ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ಈಚೆಗೆ ಬೆಂಗಳೂರಿಂದ ದೆಹಲಿಗೆ ಎ320ಯಲ್ಲಿ ಹೋಗುವಾಗ ಫೋನಲ್ಲಿ ಇಳಿಜಾರು ಅಳೆಯೋ ಆ್ಯಪ್ ಆನ್ ಮಾಡಿ ಆರ್ಮ್‌ರೆಸ್ಟ್ ಮೇಲೆ ಇಟ್ಟಿದ್ದೆ. ಟೇಕಾಫ್ ಆದ್ಮೇಲೆ 18 ಡಿಗ್ರಿ ತೋರಿಸ್ತು. ಆಮೇಲೆ ಫ್ಲೈಟ್ ಟ್ರ್ಯಾಕಿಂಗ್ ಸೈಟಲ್ಲಿ ನೋಡಿದ್ರೆ ಅದೇ ಹೊತ್ತಿಗೆ ಗ್ರೌಂಡ್ ಸ್ಪೀಡ್ 160 ನಾಟ್, ಏರ್ತಿದ್ದದ್ದು ನಿಮಿಷಕ್ಕೆ 2400 ಅಡಿ. ಟ್ಯಾನ್ 18 ಹಾಕಿ ಲೆಕ್ಕ ಮಾಡಿದ್ರೆ 5000 ಅಡಿ ದಾಟ್ಬೇಕು. ಯಾವುದು ಸುಳ್ಳು? ಡಿಪಾರ್ಚರ್ ಚಾರ್ಟಲ್ಲಿ (ಟೇಕಾಫ್ ಆದ್ಮೇಲೆ ಹೋಗೋ ದಾರಿಯ ನಕ್ಷೆ) ಏರು 3.3 ಪರ್ಸೆಂಟ್ ಅಂತ ಇರುತ್ತಲ್ಲ, ಅದು ಅಷ್ಟು ಕಮ್ಮಿ ಯಾಕೆ? ಇನ್ನೊಂದು, ಸಿಮ್ಯುಲೇಟರಲ್ಲಿ ಸೆಸ್ನಾ 172 ಓಡಿಸುವಾಗ ಗುಡ್ಡ ಹತ್ರ ಬಂತು ಅಂತ ಮೂಗು ಇನ್ನೂ ಎತ್ತಿದ್ರೆ ಏರೋದು ಕಮ್ಮಿ ಆಯ್ತು. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಉತ್ತರ: ಸಂಬಂಧ ಇದೆ, ಮೂರೂ ಒಂದೇ ಪ್ರಶ್ನೆ ಅಂತಾನೇ ಹೇಳ್ಬಹುದು. ಸೈಟಿನ ಡೇಟಾ ಸುಳ್ಳಲ್ಲ, ನಿಮ್ಮ ಟ್ಯಾನ್ ಲೆಕ್ಕನೂ ತಪ್ಪಿಲ್ಲ, ಫೋನು ಮಾತ್ರ ಒಂಚೂರು ಜಾಸ್ತಿ ಹೇಳಿದೆ. ಆದ್ರೆ ಎಡವಟ್ಟಾಗಿರೋದು ಬೇರೆ ಕಡೆ. ವಿಮಾನದ ಮೂಗು ಯಾವ ಕಡೆ ನೋಡ್ತಿದ್ಯೋ ವಿಮಾನ ಅದೇ ಕಡೆ ಹೋಗ್ತಿದೆ ಅಂತ ನೀವು ಅಂದ್ಕೊಂಡಿದೀರಿ, ಅದು ಹಾಗಲ್ಲ.

ಮೂಗು ಹೊರೈಜನ್‌ಗಿಂತ ಎಷ್ಟು ಮೇಲಿದೆ ಅನ್ನೋದು ಪಿಚ್. ನಿಮ್ಮ ಆರ್ಮ್‌ರೆಸ್ಟು, ಕ್ಯಾಬಿನ್ ನೆಲ, ಕಾಕ್‌ಪಿಟ್ಟಲ್ಲಿರೋ ಆಟಿಟ್ಯೂಡ್ ಇಂಡಿಕೇಟರ್ ಎಲ್ಲಾ ತೋರಿಸೋದು ಇದನ್ನೇ. ವಿಮಾನ ಗಾಳಿಯಲ್ಲಿ ನಿಜವಾಗ್ಲೂ ಸಾಗ್ತಿರೋ ದಾರಿ ಹೊರೈಜನ್‌ಗೆ ಎಷ್ಟು ಓರೆ ಇದೆ ಅನ್ನೋದು ಫ್ಲೈಟ್ ಪಾತ್ ಆಂಗಲ್. ಇವೆರಡರ ನಡುವಿನ ಅಂತರವೇ ಆಂಗಲ್ ಆಫ್ ಅಟ್ಯಾಕ್. ಅಂದ್ರೆ ಪಿಚ್ ಅಂದ್ರೆ ಫ್ಲೈಟ್ ಪಾತ್ ಜೊತೆಗೆ ಆಂಗಲ್ ಆಫ್ ಅಟ್ಯಾಕ್ ಕೂಡಿಸಿದ್ದು, ರೆಕ್ಕೆ ಸಮ ಇದ್ದಾಗ ಇಷ್ಟೇ ಲೆಕ್ಕ. ರೆಕ್ಕೆನ ದೇಹಕ್ಕೆ ಜೋಡಿಸುವಾಗ್ಲೇ ಒಂದೆರಡು ಮೂರು ಡಿಗ್ರಿ ಮೇಲ್ಮುಖವಾಗಿ ಕೂರಿಸಿರ್ತಾರೆ, ಅದನ್ನ ಸದ್ಯ ಮರೆತುಬಿಡಿ, ನಾನು ಇಲ್ಲಿ ಹೇಳ್ತಿರೋ ಅಂಕಿಗಳೆಲ್ಲ ದೇಹದ ಗೆರೆಯಿಂದ ಅಳೆದದ್ದು.

ಈ ಅಂತರ ಯಾಕೆ ಬೇಕು ಅಂದ್ರೆ, ರೆಕ್ಕೆಗೆ ಲಿಫ್ಟ್, ಅಂದ್ರೆ ಮೇಲಕ್ಕೆತ್ತೋ ಬಲ, ಹುಟ್ಟಬೇಕಾದ್ರೆ ಎದುರು ಬರೋ ಗಾಳಿಗೆ ಅದು ಸ್ವಲ್ಪ ಓರೆಯಾಗಿ ನಿಲ್ಲಬೇಕು. ಸ್ಪೀಡು ಕಮ್ಮಿ ಇದ್ದಷ್ಟೂ ಜಾಸ್ತಿ ಓರೆ ಬೇಕು, ಜಾಸ್ತಿ ಇದ್ರೆ ಸ್ವಲ್ಪ ಸಾಕು. ಟೇಕಾಫ್ ಹೊತ್ತಲ್ಲಿ ತೂಕ ಫುಲ್ಲು, ಸ್ಪೀಡು ಕಮ್ಮಿ, ಹಾಗಾಗಿ ಅಂತರ ದೊಡ್ಡದು.

ಈಗ ನಿಮ್ಮ ವಿಮಾನದ್ದೇ ಲೆಕ್ಕ ಹಾಕೋಣ. 160 ನಾಟ್ ಅಂದ್ರೆ ನಿಮಿಷಕ್ಕೆ ಹತ್ತತ್ರ 16,200 ಅಡಿ ಮುಂದಕ್ಕೆ. ಅಷ್ಟು ಹೊತ್ತಲ್ಲಿ 2400 ಅಡಿ ಮೇಲಕ್ಕೆ. ಭಾಗಿಸಿದ್ರೆ 14.8 ಪರ್ಸೆಂಟ್, ಡಿಗ್ರಿಯಲ್ಲಿ 8.4. ಎ320 ಎರಡೂ ಇಂಜಿನ್ ಸರಿ ಇದ್ದಾಗ ಟೇಕಾಫ್ ಆದ್ಮೇಲೆ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನ ಪಿಚ್ಚಲ್ಲಿ ಏರುತ್ತೆ. 15ರಲ್ಲಿ 8.4 ಕಳೆದ್ರೆ ಆರೂವರೆ ಡಿಗ್ರಿ ಆಂಗಲ್ ಆಫ್ ಅಟ್ಯಾಕ್, ಫ್ಲಾಪ್ (ರೆಕ್ಕೆ ಹಿಂಬದಿಯ ಇಳಿಸೋ ಪಟ್ಟಿ) ಸ್ವಲ್ಪ ಇಳಿಸಿಕೊಂಡು ಆ ಸ್ಪೀಡಲ್ಲಿ ಹೋಗೋ ವಿಮಾನಕ್ಕೆ ಇದು ಸರಿಯಾಗೇ ಇದೆ.

ಹಾಗಾದ್ರೆ ಫೋನು 18 ಯಾಕೆ ಅಂತು? ಈ ಆ್ಯಪ್‌ಗಳಲ್ಲಿ ಬಹಳಷ್ಟು ನಂಬೋದು ಫೋನ್ ಒಳಗಿನ ಆಕ್ಸೆಲರೋಮೀಟರನ್ನ, ಆ ಚಿಪ್ಪಿಗೆ ಭೂಮಿಯ ಸೆಳೆತಕ್ಕೂ ವಿಮಾನ ಸ್ಪೀಡ್ ಹೆಚ್ಚಿಸ್ಕೊಳ್ಳೋವಾಗ ಸೀಟು ಬೆನ್ನಿಗೆ ಒತ್ತುತ್ತಲ್ಲ ಆ ಒತ್ತಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಎರಡನ್ನೂ ಕೂಡಿಸಿ ಬಂದ ದಿಕ್ಕನ್ನೇ 'ಕೆಳಗೆ' ಅಂದ್ಕೊಳ್ಳುತ್ತೆ. ಸ್ಪೀಡು ಸೆಕೆಂಡಿಗೆ ಬರೀ ಒಂದು ನಾಟ್ ಏರ್ತಿದ್ರೂ ಸಾಕು, ಫೋನು ಸುಮಾರು 3 ಡಿಗ್ರಿ ಜಾಸ್ತಿ ಹೇಳುತ್ತೆ. ಮುಂದಿನ ಸಲ ರನ್‌ವೇ ಮೇಲೆ ಓಡ್ತಿರುವಾಗ್ಲೇ ನೋಡಿ, ಚಕ್ರ ಇನ್ನೂ ನೆಲದ ಮೇಲೇ ಇರುತ್ತೆ, ಫೋನು ಆಗ್ಲೇ 10-11 ಡಿಗ್ರಿ ಮೂಗು ಮೇಲೆ ಅನ್ನುತ್ತೆ. ಜೆಟ್ ವಿಮಾನ ರನ್‌ವೇಯಲ್ಲಿ ಸುಮಾರು 0.2 ಜಿ ವೇಗವರ್ಧನೆ ಪಡೆಯುತ್ತೆ, ಅದರ ಕೋನ ಅಷ್ಟೇ ಬರೋದು.

ನಗೋ ವಿಷಯ ಅಲ್ಲ ಇದು, ನಮ್ಮ ಕಿವಿಯೊಳಗಿನ ಬ್ಯಾಲೆನ್ಸ್ ಅಂಗನೂ ಇದೇ ತರ ಮೋಸ ಹೋಗುತ್ತೆ. ಕತ್ತಲಲ್ಲಿ, ಸಮುದ್ರದ ಮೇಲೆ, ಹೊರಗಡೆ ಒಂದು ದೀಪನೂ ಕಾಣದಿದ್ದಾಗ ಗೋ-ಅರೌಂಡ್ ಮಾಡಿ (ಇಳಿಯೋದು ಬಿಟ್ಟು ಮತ್ತೆ ಮೇಲೇರೋದು) ಫುಲ್ ಥ್ರಸ್ಟ್ (ಇಂಜಿನ್ ಮುಂದಕ್ಕೆ ತಳ್ಳೋ ಬಲ) ಕೊಟ್ರೆ ಮೂಗು ಆಕಾಶಕ್ಕೆ ಹೋಗ್ತಿದೆ ಅನ್ನಿಸುತ್ತೆ, ಪೈಲಟ್ ಗೊತ್ತಿಲ್ಲದೇ ಮುಂದಕ್ಕೆ ತಳ್ತಾನೆ. 2000ದ ಆಗಸ್ಟ್ 23ರಂದು ಬಹ್ರೇನಲ್ಲಿ ಗಲ್ಫ್ ಏರ್‌ನ ಎ320 ಸಮುದ್ರಕ್ಕೆ ಬಿದ್ದು 143 ಜನ ಹೋದ್ರಲ್ಲ, ಅದರ ತನಿಖೆಯಲ್ಲಿ ಈ ಭ್ರಮೆಯ ಮಾತು ಬಂದಿತ್ತು. ಪೈಲಟ್‌ಗಳಿಗೆ ಮೈ ಹೇಳಿದ್ದು ನಂಬಬೇಡ, ಇನ್‌ಸ್ಟ್ರುಮೆಂಟ್ ನಂಬು ಅಂತ ತಲೆಗೆ ತುಂಬೋದು ಇದಕ್ಕೇ.

ಪಿಚ್ ಬೇರೆ ದಾರಿ ಬೇರೆ ಅನ್ನೋದಕ್ಕೆ ಸಾಕ್ಷಿ ಬೇಕಾದ್ರೆ ದೂರ ಹೋಗ್ಬೇಕಾಗಿಲ್ಲ. 35,000 ಅಡಿಯಲ್ಲಿ ವಿಮಾನ ನೆಟ್ಟಗೆ ಹೋಗ್ತಿರುತ್ತೆ, ಒಂದಡಿ ಏರ್ತಿಲ್ಲ, ಆದ್ರೂ ಮೂಗು ಎರಡೂವರೆ ಮೂರು ಡಿಗ್ರಿ ಮೇಲೇ ಇರುತ್ತೆ. ಕ್ರೂ ಊಟದ ಟ್ರಾಲಿ ಬ್ರೇಕ್ ಒತ್ತದೇ ಬಿಟ್ರೆ ಹಿಂದಕ್ಕೆ ಉರುಳುತ್ತೆ, ಮುಂದಕ್ಕಲ್ಲ. ಇಳಿಯುವಾಗ ಇನ್ನೂ ಮಜಾ. ವಿಮಾನ 3 ಡಿಗ್ರಿ ಗ್ಲೈಡ್‌ಸ್ಲೋಪಲ್ಲಿ ಕೆಳಗೆ ಬರ್ತಿರುತ್ತೆ, ಮೂಗು ಮಾತ್ರ ಹೆಚ್ಚುಕಮ್ಮಿ 3 ಡಿಗ್ರಿ ಮೇಲೆ. ಯಲಹಂಕದ ಏರೋ ಇಂಡಿಯಾದಲ್ಲಿ ಸುಖೋಯ್ ಮೂಗೆತ್ತಿಕೊಂಡು ನಿಧಾನಕ್ಕೆ ಹಾದುಹೋಗೋದನ್ನ ನೋಡಿದ್ರೆ ಗೊತ್ತಿರುತ್ತೆ, ಅಷ್ಟು ಮೂಗೆತ್ತಿದ್ರೂ ಎತ್ತರ ಬದಲಾಗಲ್ಲ, ಅಷ್ಟೂ ಪಿಚ್ಚು ಆಂಗಲ್ ಆಫ್ ಅಟ್ಯಾಕ್‌ಗೇ ಖರ್ಚಾಗ್ತಿರುತ್ತೆ.

ಇದರ ಭೀಕರ ರೂಪ ಏರ್ ಫ್ರಾನ್ಸ್ 447. 2009ರ ಜೂನ್ 1, ರಿಯೋ ಡಿ ಜನೈರೋದಿಂದ ಪ್ಯಾರಿಸ್‌ಗೆ ಹೋಗ್ತಿದ್ದ ಎ330, ಅಟ್ಲಾಂಟಿಕ್ ಮೇಲೆ ಸ್ಪೀಡ್ ಅಳೆಯೋ ಪಿಟಾಟ್ ಟ್ಯೂಬಿಗೆ ಮಂಜಿನ ಹರಳು ಕಟ್ಕೊಂಡು ಸ್ಪೀಡ್ ರೀಡಿಂಗ್ ಹೋಯ್ತು, ಆಟೋಪೈಲಟ್ ಬಿಟ್ಕೊಡ್ತು, ಮೂಗು ಎಳೆದರು, 38,000 ಅಡಿ ಹತ್ರ ಹೋಗಿ ಸ್ಟಾಲ್ ಆಯ್ತು, ಅಂದ್ರೆ ಓರೆ ಮಿತಿ ಮೀರಿ ರೆಕ್ಕೆಯ ಲಿಫ್ಟ್ ಕುಸೀತು. ಆಮೇಲೆ ನೀರಿಗೆ ಬೀಳೋವರೆಗೂ ಸ್ಟಾಲಿಂದ ಹೊರಗೆ ಬರಲೇ ಇಲ್ಲ. ರೆಕಾರ್ಡರಿನ ಕಡೇ ಅಂಕಿಗಳು ಹೀಗಿವೆ: ಮೂಗು 16 ಡಿಗ್ರಿ ಮೇಲೆ, ಗ್ರೌಂಡ್ ಸ್ಪೀಡ್ 107 ನಾಟ್, ಬೀಳ್ತಿದ್ದದ್ದು ನಿಮಿಷಕ್ಕೆ 10,912 ಅಡಿ. ನಿಮ್ಮದೇ ಟ್ಯಾನ್ ಲೆಕ್ಕ ಇದಕ್ಕೂ ಹಾಕಿ ನೋಡಿ, ಮುಂದಕ್ಕೆ ಎಷ್ಟೋ ಕೆಳಕ್ಕೂ ಅಷ್ಟೇ, ಅಂದ್ರೆ 45 ಡಿಗ್ರಿ ಕೆಳಮುಖ ದಾರಿ. ಪಿಚ್ ಮಾತ್ರ ನೋಡ್ತಾ ಕೂತ್ರೆ ಅದು ನಿಮ್ಮ ಬೆಂಗಳೂರು ಟೇಕಾಫಿನ ತರಾನೇ ಕಾಣುತ್ತೆ. 228 ಜನ ಸತ್ರು.

ಸರಿ, ಹಾಗಾದ್ರೆ ವಿಮಾನ ಎಷ್ಟು ಓರೆಯಾಗಿ ಏರುತ್ತೆ ಅನ್ನೋದನ್ನ ತೀರ್ಮಾನಿಸೋದು ಯಾರು? ಮೂಗಲ್ಲ, ಇಂಜಿನ್ನು. ಒಂದೇ ಸ್ಪೀಡಲ್ಲಿ ಏರ್ತಿರೋ ವಿಮಾನಕ್ಕೆ ಕ್ಲೈಂಬ್ ಗ್ರೇಡಿಯಂಟ್ (ಮುಂದೆ ಹೋದ ದೂರದಲ್ಲಿ ಎಷ್ಟು ಪಾಲು ಮೇಲೇರಿತು ಅನ್ನೋದು) ಅಂದ್ರೆ ಥ್ರಸ್ಟಲ್ಲಿ ಡ್ರ್ಯಾಗ್ (ಹಿಂದಕ್ಕೆಳೆಯೋ ಗಾಳಿಯ ತಡೆ) ಕಳೆದು ಉಳಿದದ್ದನ್ನ ತೂಕದಿಂದ ಭಾಗಿಸಿದ್ದು, ಸಣ್ಣ ಕೋನಗಳಿಗೆ ಇಷ್ಟು ಸಾಕು. ನಾನು ಈ ವಿಷಯದಲ್ಲಿ ಯಾರಿಗಾದ್ರೂ ಒಂದೇ ಒಂದು ಸೂತ್ರ ಕಲಿಸೋದಾದ್ರೆ ಇದನ್ನೇ ಕಲಿಸೋದು. ಡ್ರ್ಯಾಗ್ ತೀರಿಸಿ ಮಿಕ್ಕಿದ ಥ್ರಸ್ಟ್ ಇದ್ರೆ ಏರ್ತೀರಿ, ಮಿಕ್ಕಿಲ್ಲ ಅಂದ್ರೆ ಎಷ್ಟೇ ಎಳೆದ್ರೂ ಇಲ್ಲ.

ಉದಾಹರಣೆಗೆ ದುಂಡು ಅಂಕಿಗಳನ್ನ ತಗೊಳ್ಳೋಣ, ಇವು ಯಾವ ಮ್ಯಾನುವಲ್ಲಿಂದಲೂ ತೆಗೆದದ್ದಲ್ಲ, ಲೆಕ್ಕಕ್ಕೆ ಅಂತ. 74 ಟನ್ನಿನ ಎರಡು ಇಂಜಿನ್ ಜೆಟ್ಟು, ತೂಕ 730 ಕಿಲೋನ್ಯೂಟನ್. ಟೇಕಾಫ್ ಸ್ಪೀಡಲ್ಲಿ ಒಂದೊಂದು ಇಂಜಿನ್ 95, ಎರಡಕ್ಕೆ 190. ಡ್ರ್ಯಾಗ್ 60. ಮಿಕ್ಕಿದ್ದು 130, ಭಾಗಿಸಿದ್ರೆ 17.8 ಪರ್ಸೆಂಟ್, ಹತ್ತು ಡಿಗ್ರಿ. ಈಗ ಒಂದು ಇಂಜಿನ್ ಹೋಯ್ತು ಅನ್ನಿ. ಥ್ರಸ್ಟ್ 95ಕ್ಕೆ ಇಳೀತು, ಸುಮ್ಮನೆ ತಿರುಗ್ತಿರೋ ಇಂಜಿನ್ನು ಮತ್ತೆ ಒತ್ತಿ ಹಿಡಿದ ರಡ್ಡರ್ (ಬಾಲದ ಚುಕ್ಕಾಣಿ) ಸೇರಿ ಡ್ರ್ಯಾಗ್ 66 ಆಯ್ತು. ಮಿಕ್ಕಿದ್ದು 29. ಗ್ರೇಡಿಯಂಟ್ 4 ಪರ್ಸೆಂಟ್. ನೋಡಿದ್ರಾ, ಥ್ರಸ್ಟ್ ಅರ್ಧ ಹೋಯ್ತು, ಏರೋ ಶಕ್ತಿ ಅರ್ಧ ಅಲ್ಲ, ಮುಕ್ಕಾಲಿಗಿಂತ ಜಾಸ್ತಿ ಹೋಯ್ತು. 'ಒಂದು ಇಂಜಿನ್ ಇದ್ರೂ ವಿಮಾನ ಹಾರುತ್ತೆ ಬಿಡಿ' ಅಂತ ಹಗುರವಾಗಿ ಮಾತಾಡೋರಿಗೆ ಈ ಲೆಕ್ಕ ತೋರಿಸ್ಬೇಕು. ಹಾರುತ್ತೆ ನಿಜ, ಆದ್ರೆ ಹೇಗೆ ಅಂತ ಕೇಳಿ.

ಇಂಥ ಸ್ಥಿತಿಗೇ ಕಾನೂನು ಒಂದು ಕನಿಷ್ಠ ಇಟ್ಟಿದೆ. ಚಕ್ರ ಒಳಗೆ ಹೋದ್ಮೇಲೆ, ವಿ2 ಸ್ಪೀಡಲ್ಲಿ (ಇಂಜಿನ್ ಹೋದ್ರೂ ಸುರಕ್ಷಿತವಾಗಿ ಏರೋಕೆ ಬೇಕಾದ ಟೇಕಾಫ್ ಸ್ಪೀಡು), ಒಂದು ಇಂಜಿನ್ ಸತ್ತಿದ್ರೂ, ಎರಡು ಇಂಜಿನ್ ಜೆಟ್ 2.4 ಪರ್ಸೆಂಟ್ ಏರಲೇಬೇಕು. ಮೂರು ಇಂಜಿನ್ನಿಗೆ 2.7, ನಾಲ್ಕಿಗೆ 3. ಇದನ್ನೇ ಸೆಕೆಂಡ್ ಸೆಗ್ಮೆಂಟ್ ಅನ್ನೋದು. 2.4 ಅಂದ್ರೆ ಎಷ್ಟು ಅಂತ ಮನಸ್ಸಿಗೆ ಬರ್ಬೇಕಾ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ರೈಲಲ್ಲಿ ಹೋಗಿದ್ರೆ ಆ ಘಾಟಿ ಹಳಿಯ ಏರು 50ಕ್ಕೆ 1, ಅಂದ್ರೆ 2 ಪರ್ಸೆಂಟ್. ಇಂಜಿನ್ ಹೋದ ಜೆಟ್ಟಿನ ಕನಿಷ್ಠ ಏರು 42ಕ್ಕೆ 1. ಗೂಡ್ಸ್ ರೈಲು ಏದುಸಿರು ಬಿಡ್ತಾ ಹತ್ತೋ ಘಾಟಿಗಿಂತ ಒಂದು ಕೂದಲು ಜಾಸ್ತಿ, ಅಷ್ಟೇ.

ಆಗ ಪೈಲಟ್ ಏನು ಮಾಡ್ಬೇಕು? ಮೂಗು ಎತ್ತೋದಲ್ಲ, ಇಳಿಸೋದು. ಎ320ಯಲ್ಲಿ ಟೇಕಾಫಲ್ಲಿ ಇಂಜಿನ್ ಹೋದ್ರೆ ಮೊದಲು ಹಿಡಿಯೋ ಪಿಚ್ 15 ಅಲ್ಲ, 12.5. ಯಾಕಂದ್ರೆ ಮೇಲಿನ ಉದಾಹರಣೆಯ ತರ ದಾರಿ 10 ಡಿಗ್ರಿಯಿಂದ 2 ಚಿಲ್ಲರೆಗೆ ಇಳಿದಿದೆ. 15ರಲ್ಲೇ ಹಿಡ್ಕೊಂಡ್ರೆ ನಡುವಿನ ಅಂತರ ಎಲ್ಲಾ ಆಂಗಲ್ ಆಫ್ ಅಟ್ಯಾಕ್ ಆಗಿ ಹೋಗುತ್ತೆ, ಸ್ಪೀಡು ಕರಗುತ್ತೆ.

ಬಿಸಿಲು ಮತ್ತೆ ಎತ್ತರದ ಕಥೆನೂ ಇದೇ ಸೂತ್ರದೊಳಗೇ ಇದೆ. ಬೆಂಗಳೂರು ಏರ್‌ಪೋರ್ಟು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ರೆ ಗಾಳಿಯ ಸಾಂದ್ರತೆ ಲೆಕ್ಕದಲ್ಲಿ ವಿಮಾನಕ್ಕೆ ಅದು 6000 ಅಡಿ ಎತ್ತರದ ಊರು. ಗಾಳಿ ತೆಳು, ಇಂಜಿನ್ನಿಗೆ ಉಸಿರು ಸಾಲದು. ಮೇಲಿನ ಉದಾಹರಣೆಯಲ್ಲಿ ಉಳಿದ ಒಂದು ಇಂಜಿನ್ 95ರ ಬದಲು 83 ಕೊಡ್ತು ಅಂತಿಟ್ಕೊಳ್ಳಿ: 83ರಲ್ಲಿ 66 ಹೋದ್ರೆ 17, 730ರಿಂದ ಭಾಗಿಸಿದ್ರೆ 2.3. ಕಾನೂನು ಕೇಳೋದು 2.4. ಫೇಲು! ಆಗ ಇರೋ ದಾರಿ ಫ್ಲಾಪ್ ಕಮ್ಮಿ ಮಾಡೋದು, ಸ್ಪೀಡ್ ಹೆಚ್ಚಿಸೋದು, ಅದೂ ಸಾಲದಿದ್ರೆ ತೂಕ ಇಳಿಸೋದು, ಅಂದ್ರೆ ಯಾರದ್ದೋ ಲಗೇಜು ಅಥವಾ ಸೀಟು. ಲೇಹ್ 10,682 ಅಡಿಯಲ್ಲಿದೆ, ಸುತ್ತ ಬೆಟ್ಟ, ಅಲ್ಲಿಗೆ ಫ್ಲೈಟು ಹೆಚ್ಚಾಗಿ ಬೆಳಿಗ್ಗೆ ಹೋಗಿ ಬರೋದಕ್ಕೆ ಮಧ್ಯಾಹ್ನದ ಗಾಳಿ ಒಂದು ಕಾರಣ, ಈ ಬಿಸಿ ಇನ್ನೊಂದು. ಚಳಿಯ ಊರು, ಬಿಸಿ ಯಾವ ಲೆಕ್ಕ ಅನ್ನಬೇಡಿ, ಅಷ್ಟು ತೆಳು ಗಾಳಿಯಲ್ಲಿ ಹತ್ತು ಡಿಗ್ರಿ ಏರುಪೇರೂ ಟನ್ನುಗಟ್ಟಲೆ ತೂಕದ ಪ್ರಶ್ನೆ.

ಈಗ 3.3 ಪರ್ಸೆಂಟ್. ಇದು ಬೇರೆ ಪುಸ್ತಕದ್ದು, 2.4ರ ಜೊತೆ ಕಲಸ್ಕೋಬೇಡಿ, ಪೈಲಟ್ ಪರೀಕ್ಷೆಗೆ ಓದೋ ಹುಡುಗರೂ ಇಲ್ಲೇ ಎಡವೋದು. 2.4 ಅನ್ನೋದು ವಿಮಾನಕ್ಕೆ ಇರಲೇಬೇಕಾದ ಶಕ್ತಿ. 3.3 ಅನ್ನೋದು ದಾರಿಯದ್ದು. ಅಂತಾರಾಷ್ಟ್ರೀಯ ನಿಯಮದಲ್ಲಿ ಡಿಪಾರ್ಚರ್ ದಾರಿ ವಿನ್ಯಾಸ ಮಾಡೋರು ರನ್‌ವೇ ಕೊನೆಯಲ್ಲಿ 5 ಮೀಟರ್ ಎತ್ತರದಿಂದ 2.5 ಪರ್ಸೆಂಟ್ ಓರೆಯಾಗಿ ಒಂದು ಕಾಲ್ಪನಿಕ ಹಾಸು ಎಳೀತಾರೆ, ಗುಡ್ಡ, ಟವರ್ರು, ಕಟ್ಟಡ ಯಾವುದೂ ಅದನ್ನ ತೂರ್ಕೊಂಡು ಬರ್ಬಾರ್ದು. ಅದರ ಮೇಲೆ 0.8 ಪರ್ಸೆಂಟ್ ಮಾರ್ಜಿನ್. ಕೂಡಿಸಿದ್ರೆ 3.3. ಏನಾದ್ರೂ ತೂರ್ಕೊಂಡು ಬಂದಿದ್ರೆ ಚಾರ್ಟಲ್ಲಿ ಇಂಥ ಎತ್ತರದವರೆಗೆ 5 ಪರ್ಸೆಂಟ್, 6 ಪರ್ಸೆಂಟ್ ಅಂತ ಜಾಸ್ತಿ ಬರೆದಿರ್ತಾರೆ. ಹಾಗಾಗಿ 3.3 ಕಮ್ಮಿ ಅನ್ನಿಸೋದು ಸಹಜ. ನೀವು ಕೂತಿದ್ದ ವಿಮಾನ 14.8ರಲ್ಲಿ ಏರ್ತಿತ್ತು, ಎರಡೂ ಇಂಜಿನ್ ಇದ್ದಾಗ ಈ ದಾರಿ ಜೆಟ್ಟಿಗೆ ಲೆಕ್ಕಕ್ಕೇ ಇಲ್ಲ.

ಆದ್ರೆ ಮುಖ್ಯವಾದ ಮಾತು, ಆ 3.3 ದಾರಿ ಎಲ್ಲಾ ಇಂಜಿನ್ ಸರಿ ಇದೆ ಅಂದ್ಕೊಂಡು ಮಾಡಿದ್ದು. ಇಂಜಿನ್ ಹೋದ್ರೆ ಏನು ಅನ್ನೋದು ಏರ್‌ಲೈನಿನ ಸ್ವಂತ ಜವಾಬ್ದಾರಿ. ಲೆಕ್ಕದಲ್ಲಿ ಬಂದ ಗ್ರೇಡಿಯಂಟಿಂದ ಎರಡು ಇಂಜಿನ್ ವಿಮಾನಕ್ಕೆ ಇನ್ನೂ 0.8 ಕಳೆದು, ಆ ಸೊರಗಿದ ದಾರಿಯಲ್ಲೂ ಪ್ರತಿ ಅಡಚಣೆ ಮೇಲೆ 35 ಅಡಿ ಸಿಗ್ಬೇಕು. ನೇರ ಹೋದ್ರೆ ಸಿಗಲ್ಲ ಅಂದ್ರೆ ಎಡಕ್ಕೋ ಬಲಕ್ಕೋ ತಿರುಗೋ ಬೇರೆ ದಾರಿ ಬರೆದು ಪೈಲಟ್‌ಗೆ ಕೊಡ್ತಾರೆ. ಬೆಟ್ಟದ ಊರುಗಳಲ್ಲಿ ಟೇಕಾಫ್‌ಗೆ ಮುಂಚೆ ಕಾಕ್‌ಪಿಟ್ಟಲ್ಲಿ ಇದರ ಬಗ್ಗೆನೇ ಜಾಸ್ತಿ ಮಾತು ನಡೆಯೋದು.

ಡಿಗ್ರಿ ಬಿಟ್ಟು ಪರ್ಸೆಂಟ್ ಯಾಕೆ ಅಂದ್ರೆ ಮ್ಯಾಪ್ ಮೇಲೆ ಲೆಕ್ಕ ಸುಲಭ. ಗುಡ್ಡ ಎಷ್ಟು ದೂರ ಇದೆ ಅನ್ನೋದನ್ನ ಪರ್ಸೆಂಟಿಂದ ಗುಣಿಸಿದ್ರೆ ಎತ್ತರ ಬಂತು, ಟ್ಯಾನ್ ಬೇಕಿಲ್ಲ. ನಾಟಿಕಲ್ ಮೈಲ್‌ಗೆ 6076 ಅಡಿ, ಅದರ 3.3 ಪರ್ಸೆಂಟ್ 200 ಅಡಿ. ಅಮೆರಿಕದ ಚಾರ್ಟಲ್ಲಿ ನೇರವಾಗಿ ಮೈಲಿಗೆ 200 ಅಡಿ ಅಂತಾನೇ ಲೆಕ್ಕ. ಕಾಕ್‌ಪಿಟ್ಟಲ್ಲಿ ಇನ್ನೂ ಸುಲಭದ ದಾರಿ ಇದೆ, ಗ್ರೌಂಡ್ ಸ್ಪೀಡ್ ನಾಟಲ್ಲಿ ತಗೊಂಡು ಪರ್ಸೆಂಟಿಂದ ಗುಣಿಸಿದ್ರೆ ನಿಮಿಷಕ್ಕೆ ಎಷ್ಟಡಿ ಅಂತ ಹತ್ತತ್ರ ಸಿಕ್ಕೇಬಿಡುತ್ತೆ. 150 ನಾಟ್, 3.3 ಪರ್ಸೆಂಟ್, ಅಂದ್ರೆ 500 ಅಡಿ. ನಿಮ್ಮದು 160, 14.8, ಗುಣಿಸಿ ನೋಡಿ.

ಈ ಗುಣಾಕಾರದಲ್ಲೇ ಇನ್ನೊಂದು ವಿಷಯ ಅಡಗಿದೆ. ನಿಮಿಷಕ್ಕೆ ಎಷ್ಟಡಿ ಅನ್ನೋದು ಗಡಿಯಾರದ ಲೆಕ್ಕ, ಗ್ರೇಡಿಯಂಟ್ ನೆಲದ ಲೆಕ್ಕ. ಮೇಲೆ 450 ನಾಟಲ್ಲಿ ಹೋಗ್ತಾ ನಿಮಿಷಕ್ಕೆ 1500 ಅಡಿ ಏರ್ತಿರೋ ವಿಮಾನದ ಗ್ರೇಡಿಯಂಟ್ ಬರೀ 3.3, ಎರಡು ಡಿಗ್ರಿಗೂ ಕಮ್ಮಿ. ಗುಡ್ಡಕ್ಕೆ ಬೇಕಾದ್ದು ಗ್ರೇಡಿಯಂಟು, ಬೇಗ ಎತ್ತರ ಸೇರೋಕೆ ಬೇಕಾದ್ದು ರೇಟು. ಗಾಳಿನೂ ಇಲ್ಲೇ ಬರೋದು. ಬೆಂಗಳೂರಿನ ರನ್‌ವೇ ಪೂರ್ವ-ಪಶ್ಚಿಮ, ಮಳೆಗಾಲದ ಪಡುಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಏರಿದ್ರೆ ನಿಮಿಷಕ್ಕೆ ಏರೋ ಅಡಿ ಅಷ್ಟೇ ಇರುತ್ತೆ, ಆದ್ರೆ ಮುಂದೆ ಹೋಗೋ ನೆಲ ಕಮ್ಮಿ, ಹಾಗಾಗಿ ನೆಲದಿಂದ ನೋಡೋರಿಗೆ ಕಡಿದಾಗಿ ಕಾಣುತ್ತೆ. ಹಿಂದಿಂದ ಗಾಳಿ ಬಂದ್ರೆ ಉಲ್ಟಾ. ನೀವು ಸೈಟಿಂದ ತಗೊಂಡ 8.4 ಡಿಗ್ರಿಯಲ್ಲೂ ಅವತ್ತಿನ ಗಾಳಿ ಸ್ವಲ್ಪ ಸೇರ್ಕೊಂಡಿರುತ್ತೆ.

2015ರ ಪ್ಯಾರಿಸ್ ಏರ್ ಶೋಗೆ ಮುಂಚೆ ವಿಯೆಟ್ನಾಂ ಏರ್‌ಲೈನ್ಸ್ ಬಣ್ಣದ ಬೋಯಿಂಗ್ 787 ನೆಟ್ಟಗೆ ರಾಕೆಟ್ ತರ ಏರೋ ವಿಡಿಯೋ ಈಗ್ಲೂ ವಾಟ್ಸಾಪಲ್ಲಿ ಸುತ್ತುತ್ತೆ. ಅದು ಲಂಬ ಅಲ್ಲವೇ ಅಲ್ಲ, ಕ್ಯಾಮೆರಾ ಕೋನದ ಮಾಯೆ. ಒಳಗೆ ಪ್ಯಾಸೆಂಜರ್ ಇಲ್ಲ, ಲಗೇಜ್ ಇಲ್ಲ, ಸೂತ್ರದಲ್ಲಿ ಭಾಗಿಸೋ ತೂಕ ಸಣ್ಣದಾಯ್ತು, ಅದಕ್ಕೇ ಅಷ್ಟು ಕಡಿದು.

ನಿಮ್ಮ ಸೆಸ್ನಾಕ್ಕೆ ಬರೋಣ. 172ಎಸ್ ಮಾಡೆಲಲ್ಲಿ ಸಮುದ್ರಮಟ್ಟದಲ್ಲಿ ನಿಮಿಷಕ್ಕೆ ಅತಿ ಹೆಚ್ಚು ಏರೋ ಸ್ಪೀಡ್ 74 ನಾಟ್, ಅದಕ್ಕೆ ವಿವೈ ಅಂತಾರೆ. ಅತಿ ಕಡಿದಾಗಿ ಏರೋ ಸ್ಪೀಡ್ 62, ಅದು ವಿಎಕ್ಸ್. ನೀವು 74ರಲ್ಲಿ ಇದ್ದಾಗ ಗುಡ್ಡ ಕಂಡು ಮೂಗೆತ್ತಿ 62ಕ್ಕೆ ಬಂದಿದ್ರೆ ರೇಟ್ ಸ್ವಲ್ಪ ಬಿದ್ದಿರುತ್ತೆ, ಆದ್ರೆ ಗ್ರೇಡಿಯಂಟ್ ಹೆಚ್ಚಿರುತ್ತೆ, ಅದು ಸರಿಯಾದ ಕೆಲಸನೇ. ಅಲ್ಲಿಗೂ ನಿಲ್ಲಿಸದೇ ಇನ್ನೂ ಎಳೆದು 55, 50ಕ್ಕೆ ತಂದಿದ್ರೆ ಕೆಟ್ಟಿತು. ಸ್ಪೀಡ್ ಇಳಿದಷ್ಟೂ ಆಂಗಲ್ ಆಫ್ ಅಟ್ಯಾಕ್ ಏರುತ್ತೆ, ಅದರ ಜೊತೆ ಡ್ರ್ಯಾಗೂ ಏರುತ್ತೆ, ಡ್ರ್ಯಾಗ್ ತೀರಿಸಿ ಮಿಕ್ಕೋ ಥ್ರಸ್ಟು ಕರಗುತ್ತೆ. ಮೂಗು ಮೇಲೆ ಹೋದಷ್ಟೂ ದಾರಿ ಚಪ್ಪಟೆ ಆಗ್ತಾ ಹೋಗುತ್ತೆ. ಅಲ್ಲಿಂದ ಹೊರಗೆ ಬರೋಕೆ ಮೂಗು ತಗ್ಗಿಸ್ಬೇಕು, ಗುಡ್ಡ ಎದುರಿಗಿರುವಾಗ ಯಾರ ಕೈಗೂ ಅದು ಸುಲಭಕ್ಕೆ ಬರಲ್ಲ, ಅದಕ್ಕೇ ಅನುಭವಿಗಳು ಗುಡ್ಡ ಹತ್ರ ಬರೋ ಮುಂಚೆನೇ ಎತ್ತರ ಸಂಪಾದಿಸ್ಕೊಂಡಿರ್ತಾರೆ.

ಸಿಮ್ಯುಲೇಟರಲ್ಲಿ ಎ320 ಇದ್ರೆ ಇದನ್ನ ಕಣ್ಣಾರೆ ನೋಡ್ಬಹುದು. ಮುಂದಿನ ಗಾಜಿನ ಕೆಳಗಿರೋ ಪ್ಯಾನೆಲ್ಲಲ್ಲಿ ಹೆಡಿಂಗ್-ವರ್ಟಿಕಲ್ ಸ್ಪೀಡಿಂದ ಟ್ರ್ಯಾಕ್-ಎಫ್‌ಪಿಎಗೆ (ಎಫ್‌ಪಿಎ ಅಂದ್ರೆ ಫ್ಲೈಟ್ ಪಾತ್ ಆಂಗಲ್) ಬದಲಿಸೋ ಬಟನ್ ಇದೆ, ಅದನ್ನ ಒತ್ತಿದ್ರೆ ಸ್ಕ್ರೀನಲ್ಲಿ ಒಂದು ಹಸಿರು ಹಕ್ಕಿ ಬರುತ್ತೆ, ಪೈಲಟ್‌ಗಳೂ ಅದನ್ನ ಬರ್ಡ್ ಅಂತಾನೇ ಕರೆಯೋದು, ಅದು ವಿಮಾನ ನಿಜವಾಗಿ ಹೋಗ್ತಿರೋ ದಾರಿ. 5000 ಅಡಿಯಲ್ಲಿ ಎತ್ತರ ಹಿಡ್ಕೊಂಡು 250 ನಾಟಿಂದ ನಿಧಾನಕ್ಕೆ ಸ್ಪೀಡ್ ಇಳಿಸ್ತಾ ಹೋಗಿ, ಹಕ್ಕಿ ಹೊರೈಜನ್ ಮೇಲೇ ಇರುತ್ತೆ, ಮೂಗಿನ ಗುರುತು ಮಾತ್ರ ಮೇಲಕ್ಕೆ ಮೇಲಕ್ಕೆ ಹೋಗುತ್ತೆ. ಆಮೇಲೆ ಟೇಕಾಫಲ್ಲಿ ಒಂದು ಇಂಜಿನ್ ಆಫ್ ಮಾಡಿ 15 ಡಿಗ್ರಿ ಬಿಡದೇ ಹಿಡ್ಕೊಂಡು ಹಕ್ಕಿ ಏನಾಗುತ್ತೆ ನೋಡಿ, ಅದೇ ಟೇಕಾಫ್ ಮತ್ತೆ 12.5ರಲ್ಲಿ ಮಾಡಿ. ತೂಕ 74 ಟನ್, ಏರ್‌ಪೋರ್ಟ್ ಬೆಂಗಳೂರು, ತಾಪಮಾನ 35 ಇಟ್ಕೊಳ್ಳಿ, ವ್ಯತ್ಯಾಸ ಚೆನ್ನಾಗಿ ಕಾಣುತ್ತೆ.